ಒಂದೇ ನಂಬರ್ ನೋಡಿ ಇಂಜೆಕ್ಷನ್ ಶುರು ಮಾಡ್ಬೇಡಿ: ನನ್ನ ಟೆಸ್ಟೋಸ್ಟಿರಾನ್ ಅನುಭವ

ನಾನಿರೋದು ಮುಂಬೈ ಹತ್ರದ ಡೊಂಬಿವಲಿ, ಊರು ಕುಂದಾಪುರ ಕಡೆ, ವಯಸ್ಸು 46. ಎರಡು ವರ್ಷದ ಹಿಂದೆ ಸುಸ್ತು ಎಷ್ಟಿತ್ತು ಅಂದ್ರೆ ಸಂಜೆ ಲೋಕಲ್ ಇಳಿದ್ಮೇಲೆ ಸ್ಟೇಷನ್ ಬ್ರಿಡ್ಜ್ ಹತ್ತೋಕೆ ಕಾಲೇ ಬರ್ತಿರ್ಲಿಲ್ಲ, ಊಟ ಆದ್ರೆ ಕೂತಲ್ಲೇ ನಿದ್ದೆ, ಗಂಡ ಹೆಂಡ್ತಿ ನಡುವಿನ ಆಸೆ ಅನ್ನೋದೂ ಪೂರ್ತಿ ಹೋಗಿತ್ತು. ಹಿಮೋಗ್ಲೋಬಿನ್ 12.1, ವರ್ಷ ಪೂರ್ತಿ ಐರನ್ ಮಾತ್ರೆ ನುಂಗಿದ್ರೂ ಅಲ್ಲೇ. ನಾನು ವಯಸ್ಸಾಯ್ತು ಅಂತ ಸುಮ್ನಿದ್ದೆ, "ಇದು ವಯಸ್ಸಲ್ಲ ಮಾರ್ರೆ, ಒಮ್ಮೆ ಸರಿಯಾಗಿ ತೋರ್ಸಿ" ಅಂತ ಪಟ್ಟು ಹಿಡಿದಿದ್ದು ಹೆಂಡ್ತಿ.

ಮೊದಲ ಟೆಸ್ಟ್ ಮಾಡಿಸಿದ್ದೇ ತಪ್ಪು ಹೊತ್ತಲ್ಲಿ. ಆಫೀಸ್ ಮುಗಿಸಿ, ದಾರೀಲಿ ವಡಾಪಾವ್ ತಿಂದು, ಸಂಜೆ ಏಳಕ್ಕೆ ರಕ್ತ ಕೊಟ್ಟೆ. ಟೋಟಲ್ ಟೆಸ್ಟೋಸ್ಟಿರಾನ್, ಅಂದ್ರೆ ರಕ್ತದಲ್ಲಿರೋ ಒಟ್ಟು ಗಂಡಸರ ಹಾರ್ಮೋನ್, 171 ಬಂತು. ಜಿಮ್‌ನಲ್ಲಿ ಟ್ರೇನರ್ ಒಬ್ರು ರಿಪೋರ್ಟ್ ನೋಡಿದ್ದೇ ನಾಳೆಯಿಂದ 250ರ ಇಂಜೆಕ್ಷನ್ ಶುರು ಮಾಡೋಣ, ನಾನೇ ತಂದ್ಕೊಡ್ತೀನಿ ಅಂದ್ರು. ಅವತ್ತು ಹೂಂ ಅಂದಿದ್ರೆ ಮುಂದೆ ಗೊತ್ತಾದದ್ದು ಯಾವ್ದೂ ಗೊತ್ತಾಗ್ತಿರ್ಲಿಲ್ಲ, ಯಾಕಂದ್ರೆ ಹೊರಗಿಂದ ಹಾರ್ಮೋನ್ ಒಳಗೆ ಹೋದ ಮೇಲೆ ಮೆದುಳಿನ ಪಿಟ್ಯುಟರಿ ಗ್ರಂಥಿ ತನ್ನ ಸಿಗ್ನಲ್ ಕಮ್ಮಿ ಮಾಡುತ್ತೆ, ಆಮೇಲೆ ಮಾಡಿಸಿದ ಟೆಸ್ಟಿಂದ ಮೂಲ ಕಾರಣ ಹುಡುಕೋದು ಕಷ್ಟ.

ಪರೇಲ್‌ನ ಕೆಇಎಂ ಆಸ್ಪತ್ರೇಲಿ ಎಂಡೋಕ್ರೈನ್ ವಿಭಾಗ, ಅಂದ್ರೆ ಹಾರ್ಮೋನ್ ತೊಂದ್ರೆ ನೋಡೋ ವಿಭಾಗ ಇದೆ, ಅಲ್ಲಿ ಡಾಕ್ಟರ್ 171 ಲೆಕ್ಕಕ್ಕೇ ತಗೊಳ್ಳಲಿಲ್ಲ. ಈ ಹಾರ್ಮೋನ್ ಬೆಳಿಗ್ಗೆ ಜಾಸ್ತಿ, ಸಂಜೆ ಹೊತ್ತಿಗೆ ಇಳಿಯುತ್ತೆ, ತಿಂಡಿ ತಿಂದ್ರೂ ಇಳಿಯುತ್ತೆ, ಹಾಗಾಗಿ ಬೆಳಿಗ್ಗೆ ಹತ್ತರೊಳಗೆ ಖಾಲಿ ಹೊಟ್ಟೇಲಿ, ಅದೂ ಎರಡು ಬೇರೆ ಬೇರೆ ದಿನ ಕೊಡ್ಬೇಕು ಅಂದ್ರು. ಕೂದಲಿಗೆ ಅಂತ ತಗೋತಿದ್ದ ಬಯೋಟಿನ್ ಮಾತ್ರೆನೂ ನಿಲ್ಲಿಸಿದ್ರು, ಅದು ಕೆಲವು ಹಾರ್ಮೋನ್ ಟೆಸ್ಟ್‌ಗಳ ರಿಸಲ್ಟನ್ನೇ ಕೆಡಿಸುತ್ತಂತೆ. ಮೊದಲನೇ ದಿನದ್ದು 228. ಎರಡನೇ ಸಲ ಬೇರೆ ಲ್ಯಾಬ್, ಅಲ್ಲಿ 2.36 ಅಂತ ದಪ್ಪಕ್ಷರದಲ್ಲಿ ನೋಡಿ ಕೈ ನಡುಗಿತು. ಆಮೇಲೆ ಪಕ್ಕದ ಕಾಲಂ ನೋಡಿದ್ರೆ ಅಳತೆ ನ್ಯಾನೋಗ್ರಾಂ ಪರ್ ಎಂಎಲ್, ಮೊದಲಿಂದು ಪರ್ ಡಿಎಲ್, ನೂರರಿಂದ ಗುಣಿಸಿದ್ರೆ 236. ಸಾಮಾನ್ಯವಾಗಿ 300ಕ್ಕಿಂತ ಕೆಳಗಿದ್ರೆ ಕಮ್ಮಿ ಅಂತ ನೋಡ್ತಾರೆ, ಅದೂ ಲಕ್ಷಣ ಇದ್ರೆ ಮಾತ್ರ.

ಆದ್ರೆ ನನ್ನ ಕಥೆ ಹೇಳಿದ್ದು ಆ ಸಾಲಲ್ಲ, ಅದ್ರ ಕೆಳಗಿನ ಎಲ್‌ಎಚ್, ಎಫ್‌ಎಸ್‌ಎಚ್. ಪಿಟ್ಯುಟರಿ ವೃಷಣಕ್ಕೆ ಕೆಲಸ ಮಾಡು ಅಂತ ಕಳಿಸೋ ಕರೆ ಅದು. ಟೆಸ್ಟೋಸ್ಟಿರಾನ್ ಕಮ್ಮಿ ಇದ್ದೂ ಎಲ್‌ಎಚ್ ಏರದೆ ಕೂತಿದ್ರೆ ತೊಂದ್ರೆ ಮೇಲೆ, ಅಂದ್ರೆ ಪಿಟ್ಯುಟರಿ ಕಡೆ, ಆವಾಗ ಪ್ರೊಲ್ಯಾಕ್ಟಿನ್ ಅನ್ನೋ ಇನ್ನೊಂದು ಹಾರ್ಮೋನ್ ಟೆಸ್ಟ್, ಬೇಕಾದ್ರೆ ಎಂಆರ್‌ಐ ಅಂತ ಹೋಗ್ತಾರೆ. ನಂದು ಉಲ್ಟಾ, ಎಲ್‌ಎಚ್ 18 ದಾಟಿತ್ತು, ಅಂದ್ರೆ ಮೇಲಿಂದ ಕೂಗಿ ಕೂಗಿ ಕರೀತಿದೆ, ಕೆಳಗೆ ಕೇಳೋರಿಲ್ಲ. ಸಣ್ಣವರಿದ್ದಾಗ ಮಂಗನಬಾವು ಬಂದಿತ್ತಾ ಅಂತ ಡಾಕ್ಟರ್ ಕೇಳಿದ್ರು, ಅದು ವೃಷಣಕ್ಕೂ ಇಳಿದ್ರೆ ಅಲ್ಲಿ ಹಾನಿ ಮಾಡ್ಬಹುದಂತೆ. ಅಲ್ಲಿಂದ್ಲೇ ಅಮ್ಮಂಗೆ ಫೋನ್ ಮಾಡಿದೆ. "ಹೌದು ಮಗಾ, ಹತ್ತನೇ ಕ್ಲಾಸಲ್ಲಿ, ಕೆಳಗೆ ಊತ ಬಂದು ಹದಿನೈದು ದಿನ ಮಲಗಿದ್ದೆ, ನೀನು ನಾಚ್ಕೊಂಡು ಯಾರಿಗೂ ಹೇಳ್ಬೇಡ ಅಂದಿದ್ದೆ" ಅಂದ್ಲು. ಮೂವತ್ತು ವರ್ಷ ಅವಳು ಯಾರಿಗೂ ಹೇಳಿರ್ಲಿಲ್ಲ.

ಇನ್ನು ಮಕ್ಕಳು ಬೇಕಾ ಅಂತ ಕೇಳಿದ ಮೇಲೇ ಡಾಕ್ಟರ್ ಔಷಧಿ ಬರೆದಿದ್ದು, ಈ ಚಿಕಿತ್ಸೆಯಿಂದ ವೀರ್ಯಾಣು ಕಮ್ಮಿ ಆಗುತ್ತೆ, ಇದನ್ನ ವಯಸ್ಸಿನ ಹುಡುಗ್ರು ದಯವಿಟ್ಟು ಗಮನಿಸಿ. ಶುರುಗೆ ಮುಂಚೆ ಪಿಎಸ್ಎ (ಪ್ರಾಸ್ಟೇಟ್ ಗ್ರಂಥಿಗೆ ಸಂಬಂಧಿಸಿದ ರಕ್ತ ಪರೀಕ್ಷೆ), ಹಿಮೆಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣ ಶೇಕಡಾ ಎಷ್ಟು ಅನ್ನೋದು) ಎರಡೂ ನೋಡಿದ್ರು. ಮೊದಲು ಜೆಲ್ ಕೊಟ್ರು, ಸ್ನಾನ ಆದ್ಮೇಲೆ ಭುಜಕ್ಕೆ ಹಚ್ಚಿ ಒಣಗಿಸಿ ಶರ್ಟ್ ಹಾಕೋದು, ಆದ್ರೆ ಅದು ಮೈಗೆ ಮೈ ತಾಗಿದ್ರೆ ಹೆಂಗಸರಿಗೂ ಮಕ್ಕಳಿಗೂ ದಾಟುತ್ತೆ, ಮನೇಲಿ ಮಗಳಿದ್ದಾಳೆ ಅಂತ ನಂಗೆ ನೆಮ್ಮದಿ ಇರ್ಲಿಲ್ಲ. ಇಂಜೆಕ್ಷನ್‌ಗೆ ಬದಲಾಯಿಸಿದ್ರು, ಟೆಸ್ಟೋಸ್ಟಿರಾನ್ ಅನ್‌ಡೆಕನೋಯೇಟ್ 1000 ಎಂಜಿ, ಎರಡನೇದು ಆರು ವಾರಕ್ಕೆ, ಆಮೇಲೆ ಹನ್ನೆರಡು ವಾರಕ್ಕೊಂದು. ಹರಳೆಣ್ಣೆಯಲ್ಲಿ ಕಲಸಿದ ದಪ್ಪ ಔಷಧಿ, ಸಿಸ್ಟರ್ ಗಡಿಬಿಡಿ ಮಾಡದೆ ಸೊಂಟದ ಕೆಳಗೆ ಎರಡು ನಿಮಿಷ ಹಿಡಿದು ನಿಧಾನಕ್ಕೆ ಬಿಡ್ತಾರೆ, ಅರ್ಧ ಗಂಟೆ ಅಲ್ಲೇ ಬೆಂಚಲ್ಲಿ ಕೂರ್ಬೇಕು, ಕೆಮ್ಮು ಉಸಿರಾಟದ ತೊಂದ್ರೆ ಬಂದ್ರೆ ನೋಡೋಕೆ.

ಎರಡು ತಿಂಗಳಲ್ಲಿ ಆಸೆ ವಾಪಸ್ ಬಂತು, ಆರು ತಿಂಗಳಲ್ಲಿ ಹಿಮೋಗ್ಲೋಬಿನ್ 15 ದಾಟಿತು, ಐರನ್ ಮಾತ್ರೆ ಇಲ್ದೆ. ಹಿಮೆಟೋಕ್ರಿಟ್ ಕೂಡ 37ರಿಂದ 50ಕ್ಕೆ ಏರಿದೆ, ಈಗ ನನ್ನ ಕಣ್ಣು ಆ ಸಾಲಿನ ಮೇಲೇ, 54 ದಾಟಿದ್ರೆ ರಕ್ತ ಮಂದ ಆಗುತ್ತೆ, ಔಷಧಿ ನಿಲ್ಲಿಸ್ತಾರೆ.

ಮಾಟುಂಗಾದಲ್ಲಿ ಹೋಟೆಲ್ ಇಟ್ಟಿರೋ ನಮ್ಮೂರಿನವರೊಬ್ರಿಗೆ ಟೋಟಲ್ 270 ಬಂದಿತ್ತು, ಷುಗರ್ ಇದೆ, ಮೈ ಬಂದಿದೆ. ಹಾಗಿದ್ದವರಲ್ಲಿ ಹಾರ್ಮೋನನ್ನ ಹೊತ್ಕೊಂಡು ತಿರುಗೋ ಎಸ್‌ಎಚ್‌ಬಿಜಿ ಅನ್ನೋ ಪ್ರೋಟೀನ್ ಕಮ್ಮಿ ಇರುತ್ತೆ, ಅದಕ್ಕೆ ಟೋಟಲ್ ಕಮ್ಮಿ ಕಾಣುತ್ತೆ. ಅವರ ಫ್ರೀ ಟೆಸ್ಟೋಸ್ಟಿರಾನ್, ಅಂದ್ರೆ ಯಾವ್ದಕ್ಕೂ ಅಂಟದೆ ಬಿಡಿಯಾಗಿರೋ ಭಾಗ, ನಾರ್ಮಲ್ ಇತ್ತು, ಇಂಜೆಕ್ಷನ್ ಬೇಡ, ತೂಕ ಇಳಿಸಿ ಅಂದ್ರು. ಒಂಬತ್ತು ಕೇಜಿ ಇಳಿಸಿದ್ದಾರೆ, ಈಗ 340.

ನಂದು ಮುಂದಿನ ಇಂಜೆಕ್ಷನ್ ಬುಧವಾರ. ಅದಕ್ಕೂ ಮುಂಚೆ ರಕ್ತ ಕೊಡ್ಬೇಕು, ಡೋಸ್ ತೀರೋ ಹೊತ್ತಿಗೆ ಎಷ್ಟು ಉಳಿದಿದೆ ಅಂತ ಗೊತ್ತಾಗೋದು ಆವಾಗ್ಲೇ. ಅವತ್ತು ಆಫೀಸ್‌ಗೆ ಲೇಟಾಗುತ್ತೆ ಅಂತ ಈಗ್ಲೇ ಹೇಳಿಟ್ಟಿದ್ದೀನಿ.