ನೀರು ಕಾಯಿಸಿ ಒಲೆ ಆರಿಸುವವರೆಗೆ: ಮರೆವಿನ ಆರಂಭದಲ್ಲಿ ದಿನದ ಕೆಲಸ ಅಳೆಯುವುದು

"ನಿಮ್ಮ ಕೆಲಸ ನೀವೇ ಮಾಡ್ಕೋತೀರಾ?" ಅಂತ ಕೇಳಿದರೆ ಮರೆವು ಶುರುವಾದವರು ಸಾಮಾನ್ಯವಾಗಿ ಹೇಳೋದು ಒಂದೇ: "ಓ, ಎಲ್ಲಾ ಮಾಡ್ಕೋತೀನಲ್ಲ." ನಾನು ಆಕ್ಯುಪೇಷನಲ್ ಥೆರಪಿಸ್ಟ್, ಅಂದರೆ ದಿನದ ಕೆಲಸಗಳನ್ನು ತಾವೇ ಮಾಡಿಕೊಳ್ಳಲು ರೋಗಿಗಳಿಗೆ ನೆರವಾಗುವವರು. ಮೊದಮೊದಲು ಅದನ್ನೇ ನಂಬಿ ತೊಂದರೆ ಏನೂ ಇಲ್ಲ ಅಂತ ಸೊನ್ನೆ ಅಂಕ ಬರೆದು ಕಳಿಸುತ್ತಿದ್ದೆ. ಈಗ ಆ ಪ್ರಶ್ನೆಯನ್ನೇ ಬಿಟ್ಟಿದ್ದೇನೆ.

ಸ್ನಾನ, ಬಟ್ಟೆ, ಊಟದ ಮೇಲೆ ಹೆಚ್ಚು ಹೊತ್ತು ಕಳೆಯಬೇಡಿ. ಈ ಹಂತದಲ್ಲಿ ಅವು ಬಹುಪಾಲು ಸರಿಯಾಗಿಯೇ ಇರುತ್ತವೆ. ಮೊದಲು ಎಡವುವುದು ಲೆಕ್ಕಪತ್ರ, ಮಾತ್ರೆ, ಒಬ್ಬರೇ ದೂರ ಹೋಗಿಬರುವುದು, ಇಂಥವುಗಳಲ್ಲಿ. ಇದಕ್ಕೆ ನಾನು ಬಳಸುವುದು ಫೆಫರ್ ಮತ್ತು ಸಂಗಡಿಗರ 1982ರ ಪ್ರಶ್ನಾವಳಿ. ಹತ್ತೇ ಪ್ರಶ್ನೆ, ಉತ್ತರ ಕೊಡಬೇಕಾದವರು ಹತ್ತಿರದಿಂದ ನೋಡಿದವರು. ಮೊದಲಿನಂತೆಯೇ ಮಾಡಿದರೆ 0, ಕಷ್ಟಪಟ್ಟು ತಾವೇ ಮಾಡಿದರೆ 1, ಯಾರಾದರೂ ಕೈಜೋಡಿಸಬೇಕಾದರೆ 2, ಪೂರ್ತಿ ಬೇರೆಯವರೇ ಮಾಡಿದರೆ 3. ಹೆಚ್ಚೆಂದರೆ ಒಟ್ಟು 30. ಒಂಬತ್ತು ಅಥವಾ ಅದಕ್ಕಿಂತ ಹೆಚ್ಚು ಬಂತೆಂದರೆ ಮುಂದಿನ ತಪಾಸಣೆ ಬೇಕು. ಕಾಯಿಲೆಯ ಹೆಸರು ಮಾತ್ರ ಈ ಅಂಕೆಯಿಂದ ಗೊತ್ತಾಗುವುದಿಲ್ಲ.

"ಅವರು ಅಡುಗೆಮನೆಗೇ ಬಂದವರಲ್ಲ" ಅಂತ ಮನೆಯವರು ಗಂಡಸರ ಬಗ್ಗೆ ಹೇಳಿದರೆ? ಲಾಟನ್ ಮತ್ತು ಬ್ರೋಡಿ ಅವರ 1969ರ ಇಂಥದ್ದೇ ಇನ್ನೊಂದು ಮಾಪನದಲ್ಲಿ ಗಂಡಸರಿಗೆ ಅಡುಗೆ, ಮನೆಗೆಲಸ, ಬಟ್ಟೆ ಒಗೆಯುವುದನ್ನು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ (ಆ ಕಾಲ ಹಾಗಿತ್ತು). ಫೆಫರ್ ಪಟ್ಟಿಯಲ್ಲಿ ಇದಕ್ಕೆ ದಾರಿಯಿದೆ: ಎಂದೂ ಮಾಡಿಲ್ಲ, ಆದರೆ ಈಗ ಮಾಡಬಲ್ಲರು ಎಂದರೆ 0, ಈಗ ಮಾಡಹೋದರೆ ತಡವರಿಸುತ್ತಾರೆ ಎಂದರೆ 1.

ಜನ ಗಡಿಬಿಡಿಯಲ್ಲಿ ದಾಟಿಸಿಬಿಡುವುದು ಈ 1ರ ಅಂಕವನ್ನೇ, ಅಂದರೆ ಕಷ್ಟಪಟ್ಟು ತಾವೇ ಮಾಡುವುದನ್ನು. ಒಮ್ಮೆ ಒಬ್ಬ ಅಜ್ಜಿಗೆ ವಾರದ ಮಾತ್ರೆ ಡಬ್ಬಿ ಕೊಟ್ಟು, ಚೀಟಿ ನೋಡಿ ತುಂಬಲು ಹೇಳಿ ಸುಮ್ಮನೆ ಕೂತೆ. ಗುರುವಾರದವರೆಗೆ ಬಂದರು, ಬೆರಳು ಚೀಟಿಯ ಮೇಲೆ ನಿಂತಿತು, ಎಲ್ಲ ಸುರಿದು ಭಾನುವಾರದಿಂದ ಮತ್ತೆ ಶುರು. ಮೂರನೇ ಸಲಕ್ಕೆ ಒಂದೂ ತಪ್ಪಿಲ್ಲದೆ ಮುಗಿಸಿದರು. ಡಬ್ಬಿಯನ್ನಷ್ಟೇ ನೋಡಿದವರು 0 ಹಾಕುತ್ತಾರೆ. ಪಕ್ಕದಲ್ಲಿದ್ದ ಮಗಳೂ "ಅಮ್ಮ ಮಾತ್ರೆ ತಾನೇ ಹಾಕ್ಕೋತಾಳೆ" ಅಂದಿದ್ದಳು, ಸುಳ್ಳೇನಲ್ಲ. ಅದಕ್ಕೇ "ಮೊದಲಿಗಿಂತ ಎಷ್ಟು ಹೊತ್ತು ಹಿಡಿಯುತ್ತೆ? ಕೊನೇ ಸಲ ಬಿಲ್ ಕಟ್ಟಿದ್ದು ಯಾರು? ನೀರಿಗಿಟ್ಟ ಒಲೆ ಆರಿಸಿದ್ದು ಯಾರು?" ಅಂತ ಕೇಳಿ. ಕಳೆದ ನಾಲ್ಕು ವಾರದ ಮಾತು ಮಾತ್ರ ಸಾಕು.

ಮನೆಯವರನ್ನು ಬೇರೆಯಾಗಿ ಕೂರಿಸಿ ಮಾತಾಡಿ, ಎದುರಿಗಿದ್ದರೆ ಮುಲಾಜು. ದಣಿದ ಹೆಂಡತಿಗೆ ಎಲ್ಲವೂ 3 ಆಗಿ ಕಾಣಬಹುದು, ವಾರಕ್ಕೊಮ್ಮೆ ಬರುವ ಮಗನಿಗೆ ಎಲ್ಲವೂ 0.

ಕಾರಣವನ್ನೂ ಪಕ್ಕದಲ್ಲೇ ಬರೆಯಿರಿ. ಅಂಗಡಿಗೆ ಹೋಗೋದು ಬಿಟ್ಟ ಒಬ್ಬರಿಗೆ ನಾನು 3 ಹಾಕಿದ್ದೆ. ಆಮೇಲೆ ನೋಡಿದರೆ ಕಣ್ಣಿನ ಪೊರೆ! ಮಂಡಿನೋವು, ಖಿನ್ನತೆ ಕೂಡ ಹೀಗೇ ಅಂಕ ಏರಿಸುತ್ತವೆ.

ಉತ್ತರಿಸಿದವರು ಯಾರೆಂದು ಹಾಳೆಯ ತಲೆಯ ಮೇಲೆ ಗುರುತು ಹಾಕಿಡಿ. ಆರು ತಿಂಗಳ ಮೇಲೆ ಮತ್ತೆ ಅಳೆಯುವಾಗ ಅವರನ್ನೇ ಕರೆಸಬೇಕು.