ಇಬ್ಬನಿ ಬಿದ್ದೊಡನೆ ನಿಲ್ಲುತ್ತಿದ್ದ 137 ಕಿಲೋಹರ್ಟ್ಸ್ ಪ್ರಸಾರ

ಓಹಾಯೊದ ನಮ್ಮ ಹಿತ್ತಲಿನಿಂದ 2200 ಮೀಟರ್ ಹವ್ಯಾಸಿ ರೇಡಿಯೊ ತರಂಗಪಟ್ಟಿಯಲ್ಲಿ ರಾತ್ರಿಯಿಡೀ ಡಬ್ಲ್ಯುಎಸ್‌ಪಿಆರ್ (ಕಡಿಮೆ ಶಕ್ತಿಯ ಸಂಕೇತ ಎಷ್ಟು ದೂರ ಮುಟ್ಟುತ್ತದೆಂದು ನೋಡುವ ಡಿಜಿಟಲ್ ವಿಧಾನ) ಸಂಕೇತ ಕಳಿಸಲು ಹೊರಟಿದ್ದೆ. ಸಂಜೆ ಎಸ್‌ಡಬ್ಲ್ಯುಆರ್, ಅಂದರೆ ಆಂಟೆನಾ ಹೊಂದಿಕೆಯ ಅಳತೆ (1 ಇದ್ದರೆ ಪೂರ್ಣ ಹೊಂದಿಕೆ), 1.2 ಇರುತ್ತಿತ್ತು. ಹನ್ನೊಂದರ ಹೊತ್ತಿಗೆ 5 ದಾಟಿ ಆಂಪ್ಲಿಫೈಯರ್ ತಾನಾಗಿ ಬಂದ್ ಆಗುತ್ತಿತ್ತು. ಬಿಸಿಲೇರಿದರೆ ಮತ್ತೆ 1.2.

ಕೇಬಲ್ ಬದಲಿಸಿದೆ. ನೆಲಕ್ಕೆ ಇನ್ನೂ ನಾಲ್ಕು ಅರ್ಥಿಂಗ್ ಸರಳು ಹೊಡೆದೆ. ಬೆನ್ನು ನೋವು ಬಂದಿದ್ದಷ್ಟೇ ಲಾಭ. ಶಕ್ತಿ ಅರ್ಧಕ್ಕಿಳಿಸಿದರೂ ಅದೇ ಕಥೆ.

ಕೊನೆಗೆ ಟಾರ್ಚ್ ಹಿಡಿದು ನೋಡಿದೆ. ಆಂಟೆನಾವನ್ನು ಈ ಆವರ್ತನಕ್ಕೆ ಹೊಂದಿಸಲು ಬಕೆಟ್ಟಿಗೆ ಸುತ್ತಿದ ಲೋಡಿಂಗ್ ಕಾಯಿಲ್‌ನ ಸುತ್ತುಗಳ ನಡುವೆ ಇಬ್ಬನಿ ಸಾಲುಗಟ್ಟಿತ್ತು. ಆಂಟೆನಾ ತಂತಿ ಒದ್ದೆ ಮೇಪಲ್ ಎಲೆಗಳಿಗೆ ತಾಗುತ್ತಿತ್ತು. ನನ್ನ ಆಂಟೆನಾದ ಧಾರಕತೆ ಸುಮಾರು 300 ಪಿಕೋಫ್ಯಾರಡ್, ಕಾಯಿಲ್ 4.5 ಮಿಲಿಹೆನ್ರಿ. ನೀರಿನಿಂದ ಧಾರಕತೆ ಶೇ 1ರಷ್ಟು ಹೆಚ್ಚಿದರೂ ಅನುರಣನ ಆವರ್ತನ ಸುಮಾರು 700 ಹರ್ಟ್ಸ್ ಕೆಳಗೆ ಜಾರುತ್ತದೆ. ಕ್ಯೂ (ಅನುರಣನ ಎಷ್ಟು ಚೂಪು ಎಂಬ ಅಳತೆ) 200 ಇರುವ ಕಾಯಿಲ್‌ಗೆ ಇಡೀ ಪಟ್ಟಿಯಗಲವೇ ಅಷ್ಟು.

ಮೊದಲು ತಂತಿಯನ್ನು ಎಲೆಗಳಿಂದ ಒಂದು ಮೀಟರ್ ಆಚೆ ಎಳೆದು ಕಟ್ಟಿದೆ. ಕಾಯಿಲ್ ಮೇಲೆ ದೊಡ್ಡ ಪ್ಲಾಸ್ಟಿಕ್ ಡ್ರಮ್ ಬೋರಲು ಹಾಕಿದೆ. ಬಕೆಟ್ಟಿನೊಳಗೆ ತಿರುಗುವ ಸಣ್ಣ ಕಾಯಿಲ್ ಕೂರಿಸಿ ದೊಡ್ಡದರ ಜೊತೆ ಸರಣಿಯಲ್ಲಿ ಜೋಡಿಸಿದೆ. ಹೊಂದಿಸುವುದು ಸಂಜೆಯಲ್ಲ, ಇಬ್ಬನಿ ಬಿದ್ದ ಮೇಲೆ, ರಾತ್ರಿ ಹತ್ತೂವರೆಗೆ. ಡಯಲ್ 136.000 ಕಿಲೋಹರ್ಟ್ಸ್, ಯುಎಸ್‌ಬಿ (ಅಪ್ಪರ್ ಸೈಡ್‌ಬ್ಯಾಂಡ್), ಆಡಿಯೊ 1500 ಹರ್ಟ್ಸ್. ಕನಿಷ್ಠ ಶಕ್ತಿಯಲ್ಲಿ ಆಂಟೆನಾ ಕರೆಂಟ್ ಗರಿಷ್ಠವಾಗುವವರೆಗೆ ಒಳ ಕಾಯಿಲ್ ತಿರುಗಿಸಿ, ಪ್ರಸಾರ ನಿಲ್ಲಿಸಿ, ಅದನ್ನು ಬಿಗಿ ಮಾಡಿ, ಆಮೇಲೆ ಶಕ್ತಿ ಏರಿಸಬೇಕು. ಪ್ರಸಾರ ನಡೆಯುವಾಗ ಕಾಯಿಲ್‌ಗೆ ಕೈ ತಾಗಿಸಬೇಡಿ, ಅಲ್ಲಿ ಸಾವಿರಾರು ವೋಲ್ಟ್ ಇರುತ್ತದೆ. ಒಣ ಮರದ ಉದ್ದ ಹಿಡಿಕೆ ಬಳಸಿ.

ಈಗ ಬೆಳಗಿನವರೆಗೂ ಎಸ್‌ಡಬ್ಲ್ಯುಆರ್ 1.5 ದಾಟುವುದಿಲ್ಲ. ಮಳೆಯ ರಾತ್ರಿ ಮಾತ್ರ ಇನ್ನೊಮ್ಮೆ ತಿರುಗಿಸಬೇಕು.