ಕ್ರೋಮ್ ಹೊಳೆಯಬೇಕಾದರೆ ಕಾಗದವನ್ನು ಖಾಲಿ ಬಿಡಿ

ಹಳೆಯ ಕಾರುಗಳ ಚಿತ್ರವನ್ನು ಕಾಗದದ ಮೇಲೆ ಸ್ಕ್ರೀನ್ ಪ್ರಿಂಟ್ (ಚೌಕಟ್ಟಿಗೆ ಬಿಗಿದ ಜಾಲರಿಯ ಮೂಲಕ ಶಾಯಿ ಒತ್ತುವ ಅಚ್ಚು) ಮಾಡಲು ಹೊರಟವರಿಗೆ ನಾನು ಮೊದಲು ಹೇಳುವುದು ಇಷ್ಟೇ: ಬೆಳ್ಳಿ ಶಾಯಿಯ ಡಬ್ಬಿಯನ್ನು ಮುಚ್ಚಿಡಿ. ಬಂಪರ್, ಗ್ರಿಲ್, ಹೆಡ್‌ಲೈಟಿನ ಸುತ್ತಲಿನ ಬಳೆ ಇವುಗಳ ಕ್ರೋಮ್ ಲೇಪಕ್ಕೆ ಸ್ವಂತ ಬಣ್ಣವಿಲ್ಲ. ಎದುರಿಗೆ ಇದ್ದುದೆಲ್ಲ ಅಲ್ಲಿ ಕಾಣುತ್ತದೆ. ಬಯಲಲ್ಲಿ ನಿಂತ ಕಾರಿನ ಬಂಪರನ್ನು ನೋಡಿ. ಮೇಲೆ ಆಕಾಶ, ಕೆಳಗೆ ನೆಲ, ನಡುವೆ ದಿಗಂತದ ಕಪ್ಪು ಪಟ್ಟಿ. ಆ ಪಟ್ಟಿಯನ್ನು ಗಾಢ ನೀಲಿಯಲ್ಲಿ, ಅಂಚು ಮಸುಕಾಗದಂತೆ ಅಚ್ಚು ಹಾಕಿ. ಅದರ ಮೇಲ್ಭಾಗದ ಕಾಗದವನ್ನು ಮುಟ್ಟಬೇಡಿ. ಲೋಹ ತಾನಾಗಿ ಹೊಳೆಯುತ್ತದೆ. ಬೆಳ್ಳಿ ಶಾಯಿ ಹಾಕಿದರೆ ಸಿಗುವುದು ಬರೀ ಬೂದು ಪಟ್ಟಿ.

ಚಿತ್ರದ ಹಂದರಕ್ಕೆ 1920 ಮತ್ತು 30ರ ದಶಕಗಳ ಪ್ರವಾಸ ಪೋಸ್ಟರುಗಳಿಗಿಂತ ಒಳ್ಳೆಯ ಪಾಠವಿಲ್ಲ. ಫ್ರಾನ್ಸಿನ ರೈಲ್ವೆಗಾಗಿ ರೋಜರ್ ಬ್ರೋಡರ್ಸ್ ಬರೆದ ಕರಾವಳಿಗಳನ್ನು ಗಮನಿಸಿ: ಬೆಟ್ಟವೆಂದರೆ ಎರಡು ಸಪಾಟು ಬಣ್ಣ, ನೆರಳೆಂದರೆ ಇನ್ನೊಂದು. ಫ್ರಾನ್ಸಿನ ಪೋಸ್ಟರ್ ಕಲಾವಿದ ಕಸಾಂಡ್ರ 1935ರಲ್ಲಿ ನಾರ್ಮಂಡಿ ಹಡಗನ್ನು ನೀರಿನ ಮಟ್ಟದಿಂದ ತಲೆಯೆತ್ತಿ ನೋಡಿದಂತೆ ಬರೆದರು. ಕಾರಿಗೂ ಇದೇ ಉಪಾಯ ಒಪ್ಪುತ್ತದೆ. ಕಣ್ಣನ್ನು ಹೆಡ್‌ಲೈಟಿಗಿಂತ ಕೆಳಗಿಳಿಸಿ. ಎಲ್ಲ ಕಾರಿಗೂ ಅಲ್ಲ. 1961ರ ಜಾಗ್ವಾರ್ ಇ-ಟೈಪಿನ ನೀಳ ಬಾನೆಟ್ಟಿಗೆ ಪಕ್ಕದ ನೋಟವೇ ಬೇಕು. 1957ರ ಫಿಯಟ್ 500 ಮೂರು ಮೀಟರ್ ಉದ್ದವೂ ಇಲ್ಲ. ಅದನ್ನು ದೊಡ್ಡ ಕಣಿವೆಯ ತಿರುವಿನಲ್ಲಿ ಪುಟ್ಟದಾಗಿ ಇಟ್ಟರೆ ಪ್ರಯಾಣದ ಆಸೆ ಮೂಡುತ್ತದೆ.

ನಾಲ್ಕು ಬಣ್ಣ ಸಾಕು, ನಾಲ್ಕು ಸ್ಕ್ರೀನ್. ತಿಳಿಬಣ್ಣದಿಂದ ಗಾಢದ ಕಡೆಗೆ ಸಾಗಿ: ಆಕಾಶದ ಕೆನೆಹಳದಿ, ಕಾರಿನ ಕೆಂಪು, ನೆರಳಿನ ನೀಲಿ, ಕೊನೆಗೆ ಟೈರು ಮತ್ತು ಅಕ್ಷರಗಳ ಕಪ್ಪು. ನೀಲಿಗೆ, ಶಾಯಿಯನ್ನು ತಿಳಿಯಾಗಿಸುವ ಪಾರದರ್ಶಕ ಬೇಸ್ ಧಾರಾಳವಾಗಿ ಬೆರೆಸಿ. ಅದು ಕೆಂಪಿನ ಮೇಲೆ ಬಿದ್ದಾಗ ಬಾಗಿಲಿನ ಕೆಳಗಿನ ಕಂದುನೇರಳೆ ನೆರಳು ಪುಕ್ಕಟೆಯಾಗಿ ಬರುತ್ತದೆ. ಪಕ್ಕಪಕ್ಕದ ಬಣ್ಣಗಳು ಅರ್ಧ ಮಿಲಿಮೀಟರಿನಷ್ಟು ಒಂದರ ಮೇಲೊಂದು ಹಾಯುವಂತೆ ಫಿಲ್ಮ್ (ಪ್ರತಿ ಬಣ್ಣದ ಆಕಾರವನ್ನು ಸ್ಕ್ರೀನಿಗೆ ಇಳಿಸುವ ಪಾರದರ್ಶಕ ಹಾಳೆ) ತಯಾರಿಸಿದರೆ ನಡುವೆ ಬಿಳಿಗೆರೆ ಇಣುಕುವುದಿಲ್ಲ.

ನೀರು ಆಧಾರಿತ ಶಾಯಿಗೆ ಸೆಂಟಿಮೀಟರಿಗೆ 90 ಎಳೆಗಳ ಮೆಶ್ (ಸ್ಕ್ರೀನಿನ ಜಾಲರಿ) ಚೆನ್ನಾಗಿ ಒಗ್ಗುತ್ತದೆ. ಸ್ಕ್ರೀನ್ ಕಾಗದಕ್ಕೆ ತಾಗಿಕೊಂಡಿರದೆ 2–3 ಮಿಲಿಮೀಟರ್ ಮೇಲಿರಲಿ; ಶಾಯಿ ಎಳೆಯುವ ರಬ್ಬರ್ ಪಟ್ಟಿಯಾದ ಸ್ಕ್ವೀಜಿಯನ್ನು ನಡುವೆ ನಿಲ್ಲಿಸದೆ ಒಂದೇ ಎಳೆತದಲ್ಲಿ ಎಳೆಯಿರಿ. ಪ್ರತಿ ಎಳೆತದ ನಂತರ ಮೆಶ್ಶಿನ ಮೇಲೆ ಶಾಯಿ ಹರಡಿಡಿ, ಇಲ್ಲವಾದರೆ ಒಣಗಿ ಮೆಶ್ಶಿನ ರಂಧ್ರಗಳು ಕಟ್ಟಿಕೊಳ್ಳುತ್ತವೆ. ಆಮ್ಲರಹಿತ, 300 ಜಿಎಸ್‌ಎಂ (ಚದರ ಮೀಟರಿಗೆ ಗ್ರಾಂ) ಹತ್ತಿಕಾಗದವನ್ನು ಹಿಂದಿನ ದಿನವೇ ಅಚ್ಚಿನ ಕೋಣೆಯಲ್ಲಿ ಬಿಡಿಸಿಡಿ. ಇಲ್ಲವಾದರೆ ಅಚ್ಚಿನ ನಡುವೆ ತೇವಕ್ಕೆ ಕಾಗದ ಹಿಗ್ಗುತ್ತದೆ. ಆಮೇಲೆ ಎಷ್ಟು ಗುರುತು ಹೊಂದಿಸಿದರೂ ಬಣ್ಣಗಳು ಕೂಡುವುದಿಲ್ಲ.

ಮೂವತ್ತು ಪ್ರತಿಗಳ ಆವೃತ್ತಿಗೆ ನಲವತ್ತು ಹಾಳೆಗಳಿಂದ ಆರಂಭಿಸಿ, ಏಕೆಂದರೆ ಪ್ರತಿ ಬಣ್ಣವೂ ಒಂದೆರಡನ್ನು ನುಂಗುತ್ತದೆ. ಒಣಗಿದ ಮೇಲೆ ಪೆನ್ಸಿಲಿನಲ್ಲಿ ಎಡಕ್ಕೆ 7/30 ಎಂಬಂತೆ ಸಂಖ್ಯೆ, ನಡುವೆ ಶೀರ್ಷಿಕೆ, ಬಲಕ್ಕೆ ಸಹಿ. ಕಲಾವಿದರು ತಮಗಾಗಿ ಇಟ್ಟುಕೊಳ್ಳುವ ಪ್ರತಿಗಳಿಗೆ ‘ಎ.ಪಿ.’ (ಆರ್ಟಿಸ್ಟ್ಸ್ ಪ್ರೂಫ್) ಎಂದು ಗುರುತು. ಅವು ಆವೃತ್ತಿಯ ಹತ್ತನೇ ಒಂದು ಭಾಗ ಮೀರದಿರಲಿ. ಸಂಖ್ಯೆ ಹಾಕಿದ ದಿನವೇ ನಾಲ್ಕೂ ಸ್ಕ್ರೀನಿನ ಮೇಲೆ ಚಿತ್ರದ ಆಕಾರ ಹಿಡಿದಿಟ್ಟ ಎಮಲ್ಷನ್ ಲೇಪ ತೊಳೆದು ಫಿಲ್ಮ್‌ಗಳನ್ನು ಕತ್ತರಿಸಿಬಿಡಿ. ಮೂವತ್ತು ಎಂದು ನಂಬಿ ಕೊಂಡವರಿಗೆ ಅಷ್ಟು ಖಾತರಿ ಸಲ್ಲಬೇಕು.